ವಾಸ್ತುಶಿಲ್ಪಕ್ಕೆ ಯಾವ ವಿದ್ಯಾಪೀಠ?

ಪದವಿಪೂರ್ವ ಪರೀಕ್ಷೆಯ ಫಲವು ಪ್ರಕಟವಾದೊಡನೆ ಪ್ರತಿವರ್ಷವೂ ನಮ್ಮ ಪಾಲಕರ ಮುಂದೆ ಒಂದು ಕಠಿಣ ಪ್ರಶ್ನೆಯು ಬಂದು ನಿಲ್ಲುತ್ತದೆ. ವೈದ್ಯನಾಗಬೇಕೆಂಬವನ ದಾರಿಯೂ ಇಂಜಿನಿಯರನಾಗಬೇಕೆಂಬವನ ದಾರಿಯೂ ಊರಲ್ಲಿ ನಾಲ್ಕು ಜನರಿಗೆ ಗೊತ್ತಿರುತ್ತವೆ. ಆದರೆ ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಂಥ ಊರಿನ ಹುಡುಗನೋ ಹುಡುಗಿಯೋ ವಾಸ್ತುಶಿಲ್ಪದ ಪದವಿಗೆ ಓದುವೆನೆಂದರೆ, ಯಾವ ವಿಶ್ವವಿದ್ಯಾಲಯವನ್ನು ಆರಿಸಬೇಕೆಂದು ಹೇಳಬಲ್ಲವರು ದುರ್ಲಭ. ಇಂಥಲ್ಲಿ ದಲ್ಲಾಳಿಯ ಮಾತೂ ಬಣ್ಣಬಣ್ಣದ ಜಾಹೀರಾತೂ ಗುರುವಿನ ಸ್ಥಾನವನ್ನು ಆಕ್ರಮಿಸುತ್ತವೆ. ಐದು ವರ್ಷಗಳ ಆಯುಷ್ಯವೂ ಒಂದು ಒಕ್ಕಲುಮನೆತನದ ಗಳಿಕೆಯೂ ಪಣಕ್ಕಿರುವಾಗ ಇದು ಉಪೇಕ್ಷಿಸತಕ್ಕ ವಿಷಯವಲ್ಲವೆಂದು ನಾವು ಬಗೆಯುತ್ತೇವೆ.

ಮೊದಲು ನೋಡತಕ್ಕುದು ಕಾಯಿದೆಯನ್ನು. 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಮೇರೆಗೆ ವಾಸ್ತುಶಿಲ್ಪ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವನು ಮಾತ್ರ 'ಆರ್ಕಿಟೆಕ್ಟ್' ಎಂಬ ಬಿರುದನ್ನು ಧರಿಸಬಹುದು. ಈ ಕಾಯಿದೆಯು ಬಿರುದನ್ನು ಕಾಯುತ್ತದೆಯೇ ಹೊರತು ಆ ಕೆಲಸವನ್ನು ಇತರರು ಮಾಡುವುದನ್ನು ತಡೆಯುವುದಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿದ್ದು ನಿಜ. ಆದರೆ ಪರಿಷತ್ತಿನ ಮನ್ನಣೆಯಿಲ್ಲದ ಪದವಿಯಿಂದ ಆ ಬಿರುದು ದೊರೆಯದೆಂಬುದೂ ಅಷ್ಟೇ ನಿಜ. ಹೀಗಿರಲು, ಒಂದು ರೂಪಾಯಿಯನ್ನು ಕಟ್ಟುವ ಮೊದಲೇ ಆ ಕಾಲೇಜಿಗೆ ಆ ವರ್ಷದ ಮನ್ನಣೆಯುಂಟೇ, ಎಷ್ಟು ಸ್ಥಾನಗಳಿಗೆ ಉಂಟು ಎಂಬುದನ್ನು ಪರಿಷತ್ತಿನ ಪಟ್ಟಿಯಲ್ಲಿ ಕಣ್ಣಾರೆ ನೋಡಿಕೊಳ್ಳಬೇಕು.

ಪ್ರವೇಶದ ಬಾಗಿಲುಗಳೂ ಬೇರೆಬೇರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 'ನಾಟಾ' ಪರೀಕ್ಷೆಯ ಅಂಕಗಳನ್ನೂ ಪದವಿಪೂರ್ವದ ಅಂಕಗಳನ್ನೂ ಸಮಸಮವಾಗಿ ಎಣಿಸಿ ಕ್ರಮಾಂಕ ಕೊಡುತ್ತದೆ. ಕೇಂದ್ರದ ಎನ್‌ಐಟಿಗಳಿಗೂ, ದಿಲ್ಲಿ, ಭೋಪಾಳ, ವಿಜಯವಾಡಗಳ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳಿಗೂ ಜೆಇಇ ಮೇನ್‌ನ ಎರಡನೆಯ ಪತ್ರಿಕೆಯೇ ಹಾದಿ. ಖರಗಪುರ, ರೂರ್ಕಿಗಳ ಐಐಟಿಗಳಿಗೆ ಇನ್ನೂ ಕಠಿಣವಾದ ಪರೀಕ್ಷೆಗಳುಂಟು. ಧಾರವಾಡದಲ್ಲಿ 2016ರಲ್ಲಿ ಐಐಟಿಯು ಸ್ಥಾಪನೆಯಾಯಿತಾದರೂ ಅಲ್ಲಿ ಈ ಪದವಿಯಿಲ್ಲ. ಸುರತ್ಕಲ್ಲಿನ ಎನ್‌ಐಟಿಯಲ್ಲಿಯೂ ಇಲ್ಲ. ಎಲ್ಲಕ್ಕೂ ಮೂಲವಾಗಿ ಗಣಿತವೂ ಭೌತಶಾಸ್ತ್ರವೂ ಬೇಕು. ಹತ್ತನೆಯ ತರಗತಿ ಮುಗಿಸಿದ ಮಗುವು ತಿಳಿಯದೆ ಗಣಿತವನ್ನು ಬಿಟ್ಟರೆ ಈ ಬಾಗಿಲು ಅಂದೇ ಮುಚ್ಚಿತೆಂದು ತಿಳಿಯಬೇಕು. ಇದನ್ನು ಮೊದಲೇ ಎಚ್ಚರಿಸುವುದು ನಮ್ಮ ಪ್ರೌಢಶಾಲೆಗಳ ಉಪಾಧ್ಯಾಯರ ಕರ್ತವ್ಯ.

ಇನ್ನು ಆಯ್ಕೆಯ ಮಾತು. ನಮ್ಮ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದಾಗ ಉಚ್ಚ ಶಿಕ್ಷಣಕ್ಕಾಗಿ ಪುಣೆ-ಮುಂಬಯಿಗಳತ್ತ ಮುಖಮಾಡುವುದು ವಾಡಿಕೆಯಾಗಿತ್ತು. 1857ರಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆಯ ಪರಂಪರೆಯೂ, ಬಾಲಕೃಷ್ಣ ದೋಶಿಯವರು 1962ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ಶಾಲೆಯ ಕೀರ್ತಿಯೂ ಇಂದಿಗೂ ಕುಂದಿಲ್ಲ. ಆದರೆ ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. 1947ರಲ್ಲಿ ಹುಟ್ಟಿದ ಭೂಮರಡ್ಡಿ ಕಾಲೇಜಿನಿಂದ ಬೆಳೆದು ಬಂದ ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿಯೂ, ಬೆಳಗಾವಿಯ ಗೋಗಟೆ ಸಂಸ್ಥೆಯಲ್ಲಿಯೂ, ವಿಜಯಪುರದಲ್ಲಿ ಮಲಿಕ್ ಸಂದಲ್‌ನ ಹೆಸರು ಹೊತ್ತ ಸಂಸ್ಥೆಯಲ್ಲಿಯೂ ಈ ವಿದ್ಯೆಯ ಬೋಧನೆ ನಡೆದಿದೆ. ಸಮೀಪವೆಂಬ ಕಾರಣಕ್ಕೆ ಇವನ್ನು ಹೀಗಳೆಯುವುದೂ, ದೂರವೆಂಬ ಕಾರಣಕ್ಕೆ ಬೇರೊಂದನ್ನು ಕೊಂಡಾಡುವುದೂ ಸಮನಾದ ಅವಿವೇಕ.

ಪಾಲಕರು ರಜೆಯಲ್ಲಿ ಮಗುವಿನೊಡನೆ ಸ್ವತಃ ಹೋಗಿ ನೋಡಲಿ. ಪೂರ್ಣಕಾಲದ ಅಧ್ಯಾಪಕರು ಎಷ್ಟು ಮಂದಿ, ಅವರು ತಾವೇ ಕಟ್ಟಡಗಳನ್ನು ಕಟ್ಟಿಸಿದವರೇ, ಕೊನೆಯ ವರ್ಷದ ವಿದ್ಯಾರ್ಥಿಗಳ ನಕ್ಷೆಗಳೂ ಮಾದರಿಗಳೂ ಹೇಗಿವೆ, ಕಡ್ಡಾಯವಾದ ಪ್ರಾಯೋಗಿಕ ತರಬೇತಿಗೆ ಅವರನ್ನು ಯಾರ ಬಳಿಗೆ ಕಳಿಸುತ್ತಾರೆ ಎಂದು ಕೇಳಲಿ. ಖರ್ಚೆಂದರೆ ಕೇವಲ ಶುಲ್ಕವಲ್ಲ. ಕಾಗದ, ಮಾದರಿಯ ಸಾಮಗ್ರಿ, ಗಣಕಯಂತ್ರ, ಅಧ್ಯಯನ ಪ್ರವಾಸ, ವಸತಿ ಎಲ್ಲವನ್ನೂ ಐದು ವರ್ಷಕ್ಕೆ ಗುಣಿಸಿ ಲೆಕ್ಕ ಹಾಕಬೇಕು. ಮಿಶ್ರಿಕೋಟಿಯಿಂದ ಹುಬ್ಬಳ್ಳಿಗೆ ದಿನವೂ ಬಸ್ಸಿನಲ್ಲಿ ಓಡಾಡಿದರಾಯಿತೆಂದು ಎಣಿಸುವವರಿಗೂ ಒಂದು ಮಾತು: ಈ ವಿದ್ಯೆಯಲ್ಲಿ ನಕ್ಷೆಯ ಕೆಲಸವು ರಾತ್ರಿಯವರೆಗೂ ನಡೆಯುತ್ತದೆ, ಕೊನೆಯ ಬಸ್ಸು ಅದಕ್ಕಾಗಿ ಕಾಯುವುದಿಲ್ಲ. ವಸತಿಯ ಹಣವನ್ನು ಮೊದಲೇ ಹಿಡಿದಿಡುವುದು ವಿಹಿತ.

ಇವೆಲ್ಲಕ್ಕೂ ಮಿಗಿಲಾದ ಒರೆಗಲ್ಲು ಇನ್ನೊಂದಿದೆ. ನವಲಗುಂದದ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅಲ್ಲಿಯ ಹಿರಿಯರು ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಬೆಳಕಿಂಡಿಗಳಿಂದ ಮನೆಯನ್ನು ತಂಪಾಗಿಟ್ಟರು. ಮಲೆನಾಡಿನ ಸೆರಗಾದ ಕಲಘಟಗಿಯಲ್ಲಿ ಮಳೆ ಹೆಚ್ಚು. ಇಳಿಜಾರಿನ ಹಂಚಿನ ಮಾಡು ಅಲ್ಲಿಗೆ ಒಪ್ಪಿತು. ಒಂದೇ ಜಿಲ್ಲೆಯಲ್ಲಿ ಗೌಂಡಿಗಳೂ ಬಡಿಗರೂ ಅರಿತಿದ್ದ ಈ ಭೇದವನ್ನು ಇಂದಿನ ಸಿಮೆಂಟಿನ ಪೆಟ್ಟಿಗೆಗಳು ಅಳಿಸುತ್ತಿವೆ. 2019ರ ಆಗಸ್ಟಿನ ಅತಿವೃಷ್ಟಿಯಲ್ಲಿ ಜಿಲ್ಲೆಯ ಮಣ್ಣಿನ ಮನೆಗಳು ಕುಸಿದುದನ್ನು ನಾವು ಕಂಡೆವು. ಅದೇ ವರ್ಷದ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರನಗರದಲ್ಲಿ ಕಟ್ಟುತ್ತಿದ್ದ ಕಟ್ಟಡವು ಉರುಳಿ 19 ಜನರು ಅಸುನೀಗಿದರು. ಹಳೆಯದೆಲ್ಲ ಭದ್ರವಲ್ಲ, ಹೊಸದೆಲ್ಲ ಸುರಕ್ಷಿತವಲ್ಲ. ಎರಡನ್ನೂ ವಿವೇಚಿಸಬಲ್ಲ ತರುಣರು ನಮಗೆ ಬೇಕು. ಅಣ್ಣಿಗೇರಿಯ ಅಮೃತೇಶ್ವರ, ಕುಂದಗೋಳದ ಶಂಭುಲಿಂಗ ದೇವಾಲಯಗಳನ್ನು ಅಳೆದು ನೋಡಿಸುವ, ನಮ್ಮ ಮಣ್ಣು, ಮಳೆ, ಬಡವನ ಕೈಯಳತೆಗಳನ್ನು ಪಾಠವಾಗಿಸುವ ವಿದ್ಯಾಪೀಠವು ಎಲ್ಲಿದ್ದರೂ ಅದೇ ಶ್ರೇಷ್ಠ.

ಆದರೆ ಹೊಣೆಯು ಪಾಲಕರದಷ್ಟೇ ಅಲ್ಲ. ಹಳ್ಳಿಯ ವಿದ್ಯಾರ್ಥಿಗಳಿಗೆ ವಸತಿಯನ್ನೂ ವೇತನವನ್ನೂ ಸರಕಾರವು ಸಕಾಲದಲ್ಲಿ ಒದಗಿಸಲಿ. ತರಬೇತಿಯ ಅವಧಿಯಲ್ಲಿ ಇವರಿಂದ ಹಳ್ಳಿಗಳ ಶಾಲೆ-ಚಾವಡಿಗಳನ್ನೂ ಶಿಥಿಲವಾದ ಮನೆಗಳನ್ನೂ ಪರಿಶೀಲನೆ ಮಾಡಿಸಲು ಜಿಲ್ಲಾ ಪಂಚಾಯತಿಯು ಮುಂದಾಗಲಿ. ವಿದ್ಯೆಗಾಗಿ ಊರು ಬಿಟ್ಟ ಮಕ್ಕಳು ಮರಳಿ ಬರಬೇಕೆಂಬ ಇಚ್ಛೆ ನಮಗಿದ್ದರೆ, ಮರಳಿದವರಿಗೆ ಮಾಡಲು ಕೆಲಸವನ್ನೂ ನಾವೇ ಸಿದ್ಧಪಡಿಸಿಡಬೇಕು.