ನೆರೆನಾಡಿನ ತರುಣರೂ ನಮ್ಮ ಹೋಟೆಲುಗಳೂ

ನಮ್ಮ ಹೋಟೆಲುಗಳ ಅಡುಗೆಮನೆ ಹೊಕ್ಕರೆ ಈಗ ಕನ್ನಡ, ತುಳು ಮಾತು ಕಿವಿಗೆ ಬೀಳುವುದು ಕಡಿಮೆಯಾಗಿದೆ. ಬೋರ್ಡಿನ ಮೇಲೆ ಉಡುಪಿಯ ಹೆಸರು; ದೋಸೆ ಕಲ್ಲಿನ ಮುಂದೆ ನೇಪಾಳದ ಹುಡುಗ. "ಇವರಿಂದ ನಮ್ಮ ಹುಡುಗರ ಅನ್ನ ಹೋಯಿತು" ಎಂದು ಕೆಲವು ಬಾಂಧವರು ಸಂಘದ ಸಭೆಯಲ್ಲಿಯೇ ಹೇಳತೊಡಗಿದ್ದಾರೆ. ಈ ಮಾತನ್ನು ನಾವು ಒಪ್ಪಲಾರೆವು.

ಮಾಟುಂಗದಲ್ಲಿ ಮಧ್ಯಾಹ್ನದ ಬಿಡುವಿನ ವೇಳೆ ಅಂಥ ಒಬ್ಬ ತರುಣನನ್ನು ನಾವು ಮಾತನಾಡಿಸಿದೆವು. ಊರಿನಲ್ಲಿ ಹನ್ನೆರಡನೆಯ ತರಗತಿ ಪಾಸಾಗಿದ್ದಾನೆ, ಲೆಕ್ಕಪತ್ರ ಕಲಿತಿದ್ದಾನೆ. ಇಲ್ಲಿ ಕಪ್ಪುಬಸಿ ತೊಳೆದು ತೊಳೆದು ದೋಸೆ ಕಲ್ಲಿನವರೆಗೆ ಬಂದಿದ್ದಾನೆ. ಕಲಿತ ಲೆಕ್ಕ ಯಾತಕ್ಕೆ ಉಪಯೋಗಕ್ಕೆ ಬಂತಪ್ಪಾ ಎಂದು ಕೇಳಿದೆವು. ಪಗಾರದಲ್ಲಿ ಎಷ್ಟು ಮುರಿದುಕೊಂಡರೆಂದು ತಿಳಿಯುವುದಕ್ಕೆ ಎಂದು ನಕ್ಕನು.

೧೯೫೦ರ ಭಾರತ-ನೇಪಾಳ ಒಪ್ಪಂದದಿಂದಾಗಿ ಅವನು ಇಲ್ಲಿ ಬಂದು ದುಡಿಯಲು ವೀಸಾ ಬೇಕಿಲ್ಲ. ಅವನ ಊರಿನವರು ಇನ್ನೆಷ್ಟೋ ಮಂದಿ ಕೊಲ್ಲಿ ದೇಶಗಳಲ್ಲಿ, ಮಲೇಶಿಯಾದಲ್ಲಿ ಇದ್ದಾರೆ. ಹೊರಗೆ ದುಡಿಯುವವರು ಕಳುಹಿಸುವ ಹಣ ಆ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲು ಪಾಲಿಗೆ ಸಮ. ೨೦೨೫ರ ಸಪ್ಟೆಂಬರದಲ್ಲಿ ಕಾಠ್ಮಂಡುವಿನಲ್ಲಿ ತರುಣರು ಬೀದಿಗಿಳಿದಾಗ ಜಾಲತಾಣಗಳ ನಿಷೇಧ, ಲಂಚಗುಳಿತನಗಳ ಮೇಲಿನ ಸಿಟ್ಟಿನ ಜೊತೆಗೆ ಈ ನಿರುದ್ಯೋಗದ ಬೇಗೆಯೂ ಇತ್ತು. ಬಾಂಗ್ಲಾದೇಶದಲ್ಲಿ ೨೦೨೪ರಲ್ಲಿ ವಿದ್ಯಾರ್ಥಿಗಳು ಎದ್ದದ್ದು ಸರಕಾರಿ ನೌಕರಿಯ ಮೀಸಲಾತಿಯ ಪ್ರಶ್ನೆಯ ಮೇಲೆ. ಅಲ್ಲಿ ಸಿದ್ಧ ಉಡುಪಿನ ಕಾರಖಾನೆಗಳಲ್ಲಿ ಲಕ್ಷಗಟ್ಟಲೆ ಜನ ದುಡಿಯುತ್ತಾರೆ. ಆದರೆ ಹೊಲಿಗೆ ಯಂತ್ರದ ಮುಂದಿನ ಆ ಕೆಲಸಕ್ಕಾಗಿ ಯಾರೂ ಬಿ.ಎ. ಓದಿರುವುದಿಲ್ಲ.

ನಮ್ಮ ಸ್ಥಿತಿ ಬೇರೆಯೇ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ೨೦೨೪ರ ವರದಿಯಂತೆ, ೨೦೨೨ರಲ್ಲಿ ಭಾರತದ ಪದವೀಧರ ತರುಣರಲ್ಲಿ ನೂರಕ್ಕೆ ೨೯ ಮಂದಿ ನಿರುದ್ಯೋಗಿಗಳು. ಓದುಬರಹವಿಲ್ಲದ ತರುಣರಲ್ಲಿ ನೂರಕ್ಕೆ ನಾಲ್ಕು ಮಂದಿಯೂ ಇಲ್ಲ. ಓದದವನಿಗೆ ಕಾದು ಕೂಡುವ ಅನುಕೂಲವಿಲ್ಲ, ಸಿಕ್ಕಿದ್ದಕ್ಕೆ ಕೈ ಹಾಕುತ್ತಾನೆ; ಅಷ್ಟೇ.

ಕಸಬಿದ್ದರೆ ಬದುಕಿಗೆ ಭಯವಿಲ್ಲವೆನ್ನುವವರು ಗಿರಣಿಯ ಹಿರಿಯರನ್ನು ಕೇಳಲಿ. ೧೯೮೨ರ ಜನವರಿ ೧೮ರಂದು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಹೊರಬಂದರು. ಎಷ್ಟೋ ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ಮಗ್ಗ ನಡೆಸಿದ ಕೈ ತರಕಾರಿ ಗಾಡಿ ತಳ್ಳಿತು. ಲೋವರ್ ಪರೇಲಿನಲ್ಲಿ ಫೀನಿಕ್ಸ್ ಗಿರಣಿ ಇದ್ದಲ್ಲಿ ಈಗ ಮಾಲು.

"ಕೆಲಸವಿದೆ, ತರುಣರಿಗೆ ಕೌಶಲವಿಲ್ಲ" ಎಂಬುದು ದೊಡ್ಡವರ ಭಾಷಣಗಳಲ್ಲಿ ರೂಢಿಯ ಮಾತಾಗಿಬಿಟ್ಟಿದೆ. ದಿನಕ್ಕೆ ೧೪ ತಾಸು ನಿಲ್ಲಿಸಿ, ಮಾಳಿಗೆಯ ಮೇಲೆ ಮಲಗಿಸಿ, ಒಂದು ಚೀಟಿಯನ್ನೂ ಬರೆದುಕೊಡದ ಕೆಲಸಕ್ಕೆ ಬಿ.ಕಾಂ. ಆದ ಕುಂದಾಪುರದ ಹುಡುಗ ಬರಲಿಲ್ಲವಾದರೆ ಅದು ಕೌಶಲದ ಕೊರತೆಯೋ, ಪಗಾರದ ಕೊರತೆಯೋ? ಇತ್ತ ಹತ್ತು ವರ್ಷ ಒಲೆಯ ಮುಂದೆ ಬೆಂದ ಭಟ್ಟರು ಬೇರೆ ಕಡೆ ಅರ್ಜಿ ಹಾಕಲು ಹೋದರೆ, ಕೆಲಸ ಮಾಡಿದ್ದಕ್ಕೆ ಆಧಾರ ಕೇಳುತ್ತಾರೆ. ಸುಟ್ಟ ಕೈ ತೋರಿಸಬೇಕೇ?

ಆದುದರಿಂದ ನಮ್ಮ ಮೊದಲ ಬೇಡಿಕೆ ಸೇವಾ ಪ್ರಮಾಣಪತ್ರ: ಇಂಥವನು ಇಷ್ಟು ವರ್ಷ ಇಂಥ ಕೆಲಸ ಮಾಡಿದ್ದಾನೆಂದು ಮಾಲಿಕರ ರುಜು. ೨೦೧೫ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಮೊದಲೇ ಕಸಬು ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಬಂದಿದೆ. ಅದು ನಮ್ಮ ಅಡುಗೆಮನೆಯ ತನಕ ಬರುವಂತೆ ಸಂಘ ಓಡಾಡಬೇಕು. ಹಗಲು ಕಪ್ಪು ತೊಳೆದು ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದ, ವಕೀಲರಾದ ಹಿರಿಯರು ಮುಂಬಯಿಯಲ್ಲಿ ಇನ್ನೂ ಇದ್ದಾರೆ. ಆ ಕನ್ನಡ ರಾತ್ರಿ ಶಾಲೆಗಳಲ್ಲಿ ಬಹುಪಾಲು ಮುಚ್ಚಿದವು. ಉಳಿದವುಗಳಲ್ಲಿ ಓದಿನ ಜೊತೆಗೆ ಕೈಕಸಬನ್ನೂ ಕಲಿಸುವಂತಾದರೆ ಪುನಃ ಹುಡುಗರು ಬಂದಾರು.

ಈ ಬೇಡಿಕೆಯನ್ನು ಕನ್ನಡಿಗರು ಮಾತ್ರ ಕೇಳಿದರೆ ಮಾಲಿಕರು ನಮ್ಮನ್ನು ಬಿಡಿಸಿ ನೇಪಾಳಿಯನ್ನು ಇಟ್ಟುಕೊಳ್ಳುವರು. ಅವನು ಕೇಳಿದರೆ ಅವನನ್ನು ಬಿಡಿಸುವರು. ಸದಸ್ಯತ್ವದ ಅರ್ಜಿಯನ್ನು ಈ ಸಲ ಹಿಂದಿಯಲ್ಲಿಯೂ ಅಚ್ಚು ಹಾಕಿಸಿದ್ದೇವೆ. ಮುಂದಿನ ಸಭೆಗೆ ಬರುವಾಗ ನಿಮ್ಮ ಹೋಟೆಲಿನ ಆ ಹುಡುಗನನ್ನೂ ಜೊತೆಗೆ ಕರೆತನ್ನಿ.