ಔಷಧದ ಮೂಲವನ್ನು ಕೇಳುವುದು ಶ್ರಾವಕಧರ್ಮ

ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡದೆ ಬಿಸ್ಕತ್ತನ್ನೂ ಮನೆಯೊಳಗೆ ಸೇರಿಸದ ಜೈನ ಕುಟುಂಬಗಳು ಇಂದಿಗೂ ಅನೇಕ. ಕಂದಮೂಲಗಳನ್ನು ತ್ಯಜಿಸಿದ, ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಹಿರಿಯರು ಅಲ್ಲಿದ್ದಾರೆ. ಆದರೆ ದಂತವೈದ್ಯರ ಕುರ್ಚಿಯಲ್ಲಿ ಒರಗಿದೊಡನೆ ಈ ಎಚ್ಚರವೆಲ್ಲ ಮಾಯವಾಗುತ್ತದೆ. ನಾಲಿಗೆಯ ಮೇಲೆ ಬೀಳುವುದನ್ನು ಇಷ್ಟು ಶೋಧಿಸುವ ಸಮಾಜವು ವಸಡಿನೊಳಗಿಟ್ಟು ಹೊಲಿಯುವ ಪದಾರ್ಥದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದಿರುವುದು ವಿವೇಕದ ಲಕ್ಷಣವಲ್ಲ.

ವಸಡಿನ ರೋಗ ಬಲಿತಾಗ ಹಲ್ಲನ್ನು ಹಿಡಿದಿಡುವ ನಾರುಗಳೂ ಸುತ್ತಲಿನ ದವಡೆಯ ಮೂಳೆಯೂ ನಾಶವಾಗುತ್ತವೆ. ಬೇರನ್ನು ಶುಚಿಗೊಳಿಸಿ ರೋಗವನ್ನು ತಡೆಯಬಹುದು. ಹೋದ ಮೂಳೆ ಮಾತ್ರ ಸುಲಭವಾಗಿ ಮರಳಿ ಬಾರದು. ವಸಡಿನ ಮೇಲ್ಪದರದ ಜೀವಕೋಶಗಳು ಬೇಗ ಬೆಳೆದು ಆ ಜಾಗವನ್ನು ಆಕ್ರಮಿಸುವುದರಿಂದ, ನಿಧಾನವಾಗಿ ಬೆಳೆಯುವ ನಾರು ಮತ್ತು ಮೂಳೆಯ ಕೋಶಗಳಿಗೆ ಎಡೆ ಉಳಿಯುವುದಿಲ್ಲ. ಈ ಕೋಶಗಳನ್ನು ಗಾಯದೆಡೆಗೆ ಸೆಳೆದು ವೃದ್ಧಿಗೊಳಿಸುವ ಪ್ರೋಟೀನುಗಳೇ ವೃದ್ಧಿಕಾರಕಗಳು, ವೈದ್ಯರ ಮಾತಿನಲ್ಲಿ ಗ್ರೋತ್ ಫ್ಯಾಕ್ಟರ್‌ಗಳು. ಖನಿಜಾಂಶ ತೆಗೆದ ಮೂಳೆಯನ್ನು ಸ್ನಾಯುವಿನೊಳಗಿಟ್ಟರೆ ಅಲ್ಲಿಯೂ ಹೊಸ ಮೂಳೆ ಹುಟ್ಟುವುದೆಂದು 1965ರಲ್ಲಿ ಅಮೆರಿಕದ ಮಾರ್ಷಲ್ ಯೂರಿಸ್ಟ್ ತೋರಿಸಿದರು. ಈ ವಿದ್ಯೆಯ ಒಂದು ದೊಡ್ಡ ಶಾಖೆ ಅಲ್ಲಿಂದಲೇ ಬೆಳೆಯಿತು. ವಿದ್ಯೆಯ ಬಗ್ಗೆ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಪದಾರ್ಥದ ಮೂಲವನ್ನು ಹೇಳದ, ಕೇಳದ ರೂಢಿಯ ಬಗ್ಗೆ.

ಸ್ವೀಡನ್ನಿನಲ್ಲಿ ರೂಪುಗೊಂಡು 1996ರಲ್ಲಿ ಅಮೆರಿಕದ ಅನುಮತಿ ಪಡೆದ ಎಮ್ಡೊಗೇನ್ ಎಂಬ ಲೇಪವು ಇದೇ ಉದ್ದೇಶಕ್ಕೆ ಬಳಕೆಯಾಗುತ್ತದೆ. ಹಂದಿಮರಿಗಳ ದವಡೆಯಲ್ಲಿ ಇನ್ನೂ ಮೂಡದ ಹಲ್ಲುಗಳಿಂದ ತೆಗೆದ ಪ್ರೋಟೀನುಗಳೇ ಅದರ ಸಾರ. ದವಡೆಯ ಮೂಳೆ ಬೆಳೆಸಲು 2007ರಲ್ಲಿ ಅಲ್ಲಿಯೇ ಅನುಮತಿ ಪಡೆದ ಬಿಎಂಪಿ-2 ಎಂಬ ವೃದ್ಧಿಕಾರಕವನ್ನು ಪ್ರಯೋಗಾಲಯದ ಕೋಶಗಳಲ್ಲಿ ತಯಾರಿಸುತ್ತಾರೆ. ಆದರೆ ಅದನ್ನು ತುಂಬಿಡುವ ಸ್ಪಂಜು ದನದ ಸ್ನಾಯುರಜ್ಜುವಿನ ಕೊಲಾಜೆನ್‌ನದು. ಇವುಗಳ ಜೊತೆಗೆ ಬಳಸುವ ಮೂಳೆಪುಡಿ, ತೆಳುಪೊರೆಗಳಲ್ಲಿ ಹಲವು ದನ ಅಥವಾ ಹಂದಿಯ ಶರೀರದಿಂದಲೇ ಬಂದವು. ತಯಾರಕರು ಇದನ್ನು ಮುಚ್ಚಿಟ್ಟಿಲ್ಲ. ಪೆಟ್ಟಿಗೆಯೊಳಗಿನ ಕಾಗದದಲ್ಲಿ ಬರೆದಿರುತ್ತಾರೆ. ಆದರೆ ಆ ಕಾಗದ ರೋಗಿಯ ಕೈ ಸೇರುವುದು ಅಪರೂಪ.

ಬೇರೆ ದಾರಿಯೇ ಇಲ್ಲದಿದ್ದರೆ ಮಾತು ಬೇರೆ. 2005ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪಿಡಿಜಿಎಫ್ ಎಂಬ ವೃದ್ಧಿಕಾರಕವನ್ನು ಯೀಸ್ಟ್‌ನಲ್ಲಿ ಬೆಳೆಸುತ್ತಾರೆ; ಅದರೊಡನೆ ತುಂಬುವುದು ಕೃತಕವಾಗಿ ತಯಾರಿಸಿದ ಕ್ಯಾಲ್ಸಿಯಂ ಫಾಸ್ಫೇಟ್. 2016ರಲ್ಲಿ ಜಪಾನ್ ಒಪ್ಪಿದ ಎಫ್‌ಜಿಎಫ್-2 ಬ್ಯಾಕ್ಟೀರಿಯಾದಲ್ಲಿ ತಯಾರಾಗುತ್ತದೆ. ಎಲ್ಲಕ್ಕಿಂತ ಸರಳವಾದುದು 2001ರಲ್ಲಿ ಫ್ರಾನ್ಸಿನಿಂದ ಬಂದ ಪಿಆರ್‌ಎಫ್ ವಿಧಾನ. ರೋಗಿಯ ತೋಳಿನಿಂದ ಸ್ವಲ್ಪ ರಕ್ತ ತೆಗೆದು, ಏನನ್ನೂ ಬೆರೆಸದೆ ಯಂತ್ರದಲ್ಲಿ ತಿರುಗಿಸಿದರೆ ವೃದ್ಧಿಕಾರಕಗಳಿಂದ ಕೂಡಿದ ಗರಣೆ ದೊರೆಯುತ್ತದೆ. ಅದನ್ನು ಅದೇ ರೋಗಿಯ ಗಾಯದಲ್ಲಿ ಇಡುತ್ತಾರೆ. ಎಲ್ಲ ವಿಧಾನವೂ ಎಲ್ಲರಿಗೂ ಹೊಂದದು. ಆಳವಾದ, ಇಕ್ಕಟ್ಟಾದ ಕುಳಿಗಳಲ್ಲಿ ಸಿಗುವ ಫಲ ಮೂಳೆ ಸಮನಾಗಿ ಸವೆದಲ್ಲಿ ಸಿಗದು. ಯಾವುದು ಹೊಂದುವುದೆಂದು ಹೇಳುವವರು ವೈದ್ಯರು. ಆದರೆ ಮೂಲವನ್ನು ತಿಳಿದು ಒಪ್ಪುವ ಅಥವಾ ನಿರಾಕರಿಸುವ ಹಕ್ಕು ರೋಗಿಯದು.

ಮಾಂಸಕ್ಕಾಗಿ ಕೊಂದ ಹಂದಿಯ ಹಲ್ಲನ್ನು ಬಳಸಿದರೆ ಪಾಪವೇನು ಎಂದು ಕೆಲವರು ವಾದಿಸುತ್ತಾರೆ. ತಾನಾಗಿ ಸತ್ತ ಪ್ರಾಣಿಯ ಮಾಂಸದಲ್ಲೂ ಹಿಂಸೆಯುಂಟೆಂದು ಆಚಾರ್ಯ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳಿದ್ದಾರೆ. ಅಲ್ಲಿನ ಮಾತು ಆಹಾರದ್ದು, ನಿಜ. ಆದರೆ ಕೊಂದವನು ಬೇರೆ ಎಂಬ ಸಮಾಧಾನವನ್ನು ಜೈನಧರ್ಮ ಎಲ್ಲಿಯೂ ಒಪ್ಪಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಿಂದಲೂ ಕರ್ಮ ಒಳಬರುತ್ತದೆ. ಹಣ ತೆತ್ತು ಕೊಳ್ಳುವುದಕ್ಕಿಂತ ದೊಡ್ಡ ಅನುಮೋದನೆ ಯಾವುದಿದೆ?

ಆಪತ್ಕಾಲದಲ್ಲಿ ಔಷಧಕ್ಕೆ ವಿನಾಯಿತಿಯುಂಟು ಎಂಬುದು ಇನ್ನೊಂದು ವಾದ. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಹಂದಿಯ ಕರುಳಿನಿಂದ ಬರುತ್ತದೆ. ಪ್ರಾಣ ಹೋಗುವ ಹೊತ್ತಿನಲ್ಲಿ ಅದನ್ನು ಪಡೆದ ಗೃಹಸ್ಥನನ್ನು ಯಾರೂ ನಿಂದಿಸಲಾರರು. ಆದರೆ ದವಡೆಹಲ್ಲನ್ನು ಉಳಿಸುವುದು ಪ್ರಾಣರಕ್ಷಣೆಯಲ್ಲ. ವಾರಗಟ್ಟಲೆ ಮೊದಲೇ ದಿನ ಗೊತ್ತುಮಾಡುವ ಚಿಕಿತ್ಸೆಯಲ್ಲಿ ವಿಚಾರಿಸಲು ಸಮಯವಿರಲಿಲ್ಲ ಎಂಬ ನೆಪ ನಿಲ್ಲದು.

ಯೀಸ್ಟ್, ಬ್ಯಾಕ್ಟೀರಿಯಾಗಳೂ ಜೀವಿಗಳಲ್ಲವೇ ಎಂದು ಮೂರನೆಯವರು ಕೇಳುತ್ತಾರೆ. ಹೌದು, ಜೀವಿಗಳೇ. ಆದರೆ ತ್ರಸಜೀವಿಗಳ ಸಂಕಲ್ಪಹಿಂಸೆಯನ್ನು ಬಿಡುವುದು, ಸ್ಥಾವರಜೀವಿಗಳ ವಿಷಯದಲ್ಲಿ ಮಿತಿಯನ್ನು ಪಾಲಿಸುವುದು ಶ್ರಾವಕನ ಅಣುವ್ರತ. ಏಕೇಂದ್ರಿಯಕ್ಕೂ ಪಂಚೇಂದ್ರಿಯಕ್ಕೂ ಭೇದವಿಲ್ಲವೆಂದು ವಾದಿಸುವವನು ಅಹಿಂಸೆಯನ್ನು ವಿಸ್ತರಿಸುತ್ತಿಲ್ಲ. ಹಂದಿಯನ್ನು ಮರೆಯಲು ಯೀಸ್ಟನ್ನು ಮುಂದಿಡುತ್ತಿದ್ದಾನೆ. ಹೊಸ ವೈದ್ಯವೆಲ್ಲ ಅಧರ್ಮವೆಂದು ದೂರವಿಡುವವರದೂ ಇಷ್ಟೇ ಸೋಮಾರಿ ನಿಲುವು. ಇಬ್ಬರೂ ವಿಚಾರಿಸುವ ಶ್ರಮದಿಂದ ತಪ್ಪಿಸಿಕೊಳ್ಳುತ್ತಾರೆ.

ಸಮಾಜದ ಟ್ರಸ್ಟ್‌ಗಳ ಹೊಣೆ ಇಲ್ಲಿ ದೊಡ್ಡದು. ಬಸದಿಯ ಜೀರ್ಣೋದ್ಧಾರಕ್ಕೆ ಕಲ್ಲು ಎಲ್ಲಿಯದೆಂದು ವಿಚಾರಿಸುವ ಆಡಳಿತ ಮಂಡಳಿಯು ತಾನು ನಡೆಸುವ ಅಥವಾ ನೆರವು ನೀಡುವ ಚಿಕಿತ್ಸಾಲಯದಲ್ಲಿ ಬಳಸುವ ಪದಾರ್ಥಗಳ ಮೂಲವನ್ನೂ ವಿಚಾರಿಸಲಿ. ರೋಗಿಯು ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ ಹಂದಿಯದೋ, ದನದ್ದೋ, ಯೀಸ್ಟ್‌ನದೋ, ರೋಗಿಯ ಸ್ವಂತ ರಕ್ತದ್ದೋ ಎಂಬುದು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದಿರಲಿ. ಪ್ರಾಣಿಮೂಲವಲ್ಲದ ಒಂದು ವಿಧಾನವಾದರೂ ಅಲ್ಲಿ ದೊರೆಯಲಿ. ಇದು ಜೈನರಿಗೆ ಮಾತ್ರ ಬೇಕಾದುದಲ್ಲ. ಹಂದಿಯನ್ನು ವರ್ಜಿಸುವ ಮುಸಲ್ಮಾನರಿಗೂ ಗೋವನ್ನು ಪೂಜಿಸುವ ಹಿಂದೂಗಳಿಗೂ ಇದೇ ಹಕ್ಕುಂಟು.

ರೋಗವೇ ಬಾರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಕಡಿಮೆ ಹಿಂಸೆಯ ಮಾರ್ಗ. ಅದಂತಧಾವನವು ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲೊಂದು. ಗೃಹಸ್ಥನಿಗೆ ಅದು ವಿಧಿಯಲ್ಲ. ನಿತ್ಯ ಹಲ್ಲುಜ್ಜುವುದು, ತಂಬಾಕನ್ನು ಬಿಡುವುದು, ಮಧುಮೇಹವನ್ನು ಹತೋಟಿಯಲ್ಲಿಡುವುದು ವಸಡನ್ನು ಕಾಯುತ್ತವೆ. ಅಷ್ಟಾದರೂ ಚಿಕಿತ್ಸೆ ಬೇಕಾದರೆ, ಬಾಯಿ ತೆರೆಯುವ ಮೊದಲು ಶ್ರಾವಕನು ಒಂದು ಪ್ರಶ್ನೆಯನ್ನು ಕೇಳಲಿ: ಇದು ಯಾವ ಜೀವದಿಂದ ಬಂದಿದೆ? ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂದು ಉಮಾಸ್ವಾಮಿಗಳು ಎಚ್ಚರಿಸಿದ್ದಾರೆ. ತಿಳಿಯಬಹುದಾದುದನ್ನು ತಿಳಿಯದೆ ಉಳಿಯುವುದೇ ಈ ಕಾಲದ ಪ್ರಮಾದ.