ನೀರಿನ ಮೇಲೆ ಒಂದು ದಿನ

ಹೋದ ಸಂಚಿಕೆಯಲ್ಲಿ ಮಳೆಗಾಲದಲ್ಲಿ ಉಪ್ಪಿನಕಾಯಿಗೆ ಬೂಷ್ಟು ಹಿಡಿಯದ ಹಾಗೆ ಕಾಪಾಡುವ ವಿಷಯ ಬರೆದಿದ್ದೆ. ಈ ಸಲ ಅಡಿಗೆಮನೆ ಬಿಟ್ಟು ಸ್ವಲ್ಪ ಆಚೆ ಹೋಗೋಣ, ಬನ್ನಿ. ಬಹಳ ದೂರವೇನಲ್ಲ, ಹೊಳೆಯ ತನಕ.

ನನ್ನ ಅಕ್ಕನ ಮಗಳು ಅಮೇರಿಕದಲ್ಲಿದ್ದಾಳೆ. ಬೇಸಿಗೆ ಬಂತೆಂದರೆ ಗೆಳತಿಯರ ಜೊತೆ ಅಲ್ಲಿಯ ಒಂದು ದೊಡ್ಡ ಸರೋವರಕ್ಕೆ ಹೋಗುತ್ತಾಳೆ. ಅವಳು ಮೊಬೈಲಿಗೆ ಕಳಿಸಿದ ಚಿತ್ರವನ್ನು ನಮ್ಮ ಮಹಿಳಾ ಸಮಾಜದಲ್ಲಿ ಎಲ್ಲರಿಗೂ ತೋರಿಸಿದೆ. ಮುಂದೆ ಮೋಟಾರು ದೋಣಿ, ಅದರ ಹಿಂದೆ ಒಂದು ಅಲೆ, ಆ ಅಲೆಯ ಮೇಲೆ ನಾಲ್ಕೈದು ಅಡಿಯ ಹಲಗೆ, ಹಲಗೆಯ ಮೇಲೆ ನಮ್ಮ ಹುಡುಗಿ! ಮೊದಲು ಕೈಯಲ್ಲಿ ಹಗ್ಗ ಇರುತ್ತದೆ. ಎದ್ದು ನಿಂತ ಮೇಲೆ ಹಗ್ಗವನ್ನು ಬಿಟ್ಟೇಬಿಡುತ್ತಾಳೆ. ಆದರೂ ಬೀಳುವುದಿಲ್ಲ, ದೋಣಿಯ ಅಲೆಯೇ ಅವಳನ್ನು ನೂಕಿಕೊಂಡು ಹೋಗುತ್ತದೆ. ಇದಕ್ಕೆ ವೇಕ್ ಸರ್ಫಿಂಗ್ ಅನ್ನುತ್ತಾರಂತೆ.

"ಇದೇನು ಗಾರುಡಿ!" ಅಂದರು ಒಬ್ಬರು. ಗಾರುಡಿ ಏನೂ ಇಲ್ಲ. ದೋಣಿಯ ಒಂದು ಪಕ್ಕಕ್ಕೆ ನೀರಿನ ಚೀಲಗಳನ್ನು ತುಂಬಿ ಭಾರ ಮಾಡುತ್ತಾರೆ. ಹಿಂಭಾಗ ತಗ್ಗುತ್ತದೆ, ಅಲೆ ದೊಡ್ಡದಾಗಿ ಏಳುತ್ತದೆ. ವೇಗ ಗಂಟೆಗೆ 16ರಿಂದ 19 ಕಿಲೋಮೀಟರು, ಅಂದರೆ ನಮ್ಮ ಹುಡುಗರು ಸೈಕಲ್ ಹೊಡೆಯುವಷ್ಟೇ. ಇದಕ್ಕೆ ಬಳಸುವ ದೋಣಿಯ ಪಂಖ ಹಿಂದೆ ಚಾಚಿಕೊಂಡಿರದೆ ತಳದ ಅಡಿಯಲ್ಲಿ ಇರಬೇಕು, ಇಲ್ಲದಿದ್ದರೆ ಬಿದ್ದವರ ಕೈಕಾಲಿಗೆ ಅಪಾಯ. ಎಂಜಿನ್ನಿನ ಹೊಗೆ ಹಿಂದೆಯೇ ಬರುವುದರಿಂದ ದೋಣಿಯ ಬಾಲಕ್ಕೆ ಅಂಟಿಕೊಂಡು ಯಾರೂ ಕೂರಬಾರದು. ಇಷ್ಟನ್ನೂ ಹುಡುಗಿಯನ್ನೇ ಕೇಳಿ ತಿಳಿದುಕೊಂಡೆ. ತಮಾಷೆ ಅಂದರೆ, ಅವಳು ಆಟದ ಬಗ್ಗೆ ಬರೆದದ್ದಕ್ಕಿಂತ ಅದಕ್ಕೆ ಮುಂಚಿನ ತಯಾರಿಯ ಬಗ್ಗೆ ಬರೆದದ್ದೇ ಜಾಸ್ತಿ. ಯಾರು ಊಟ ತರುವುದು, ಯಾರು ಸರದಿಯಲ್ಲಿ ಹಿಂದೆ ತಿರುಗಿ ಕೂತು ಬಿದ್ದವರನ್ನು ನೋಡಿಕೊಳ್ಳುವುದು, ಹೀಗೆ.

ಚಿತ್ರ ನೋಡಿ ನಕ್ಕದ್ದಾಯಿತು. ಆಮೇಲೆ ಒಬ್ಬರು ಕೇಳಿದರು, "ನಾವು ಹನ್ನೊಂದು ಜನ ಇದ್ದೀವಲ್ಲ, ಎಷ್ಟು ಜನಕ್ಕೆ ಈಜು ಬರುತ್ತೆ?" ಇಬ್ಬರು ಕೈ ಎತ್ತಿದರು. "ಕಾವೇರಿಯಲ್ಲಿ ದೋಣಿಯಲ್ಲಿ ಕೂತವರು?" ಆನೆ ನೋಡಲು ಮಕ್ಕಳ ಜೊತೆ ಆಚೆ ದಡಕ್ಕೆ ದಾಟಿದವರು ಮೂವರು, ಅಷ್ಟೆ. ಯೋಚಿಸಿ ನೋಡಿ. ಹುಟ್ಟಿದ್ದು ಕಾವೇರಿ ಹುಟ್ಟುವ ನಾಡಿನಲ್ಲಿ. ಬೆಳೆದದ್ದು, ಅನ್ನ ಬೇಯಿಸಿದ್ದು ಅವಳದೇ ನೀರಿನಲ್ಲಿ. ತೀರ್ಥ ಅಂತ ತಲೆಗೆ ಹಾಕಿಕೊಂಡಿದ್ದೇವೆ. ಅವಳ ಮೇಲೆ ಒಂದು ಗಂಟೆ ನಗುನಗುತ್ತಾ ಕೂತದ್ದು ಮಾತ್ರ ಇಲ್ಲ. ಗಂಡುಮಕ್ಕಳಿಗೆ ಹೊಳೆ ಆಟದ ಜಾಗವಾದರೆ, ನಮಗೆ ಬಟ್ಟೆ ಒಗೆಯುವ ಜಾಗ. ಅಲ್ಲೇ ತೀರ್ಮಾನವಾಯಿತು, ಈ ವರ್ಷ ಒಂದು ದಿನ ನೀರಿನ ಮೇಲೆ ಅಂತ.

ಎಲ್ಲಿ ಅನ್ನುವುದೇ ಮೊದಲ ಚರ್ಚೆ. ಅಮೇರಿಕದ ಅಂಥ ದೋಣಿಯನ್ನು ನಮ್ಮ ಕಡೆ ನಾನಂತೂ ಕಂಡಿಲ್ಲ. ಹಾರಂಗಿ ಅಣೆಕಟ್ಟೆಯ ಹಿನ್ನೀರು ನೋಡಲು ಸಮುದ್ರದ ಹಾಗೇ ಇದೆ, ನಿಜ. 1982ರಲ್ಲಿ ಮುಗಿದ ಕಟ್ಟೆ, ತುಂಬಿದಾಗ ಎಂಟೂವರೆ ಟಿ.ಎಂ.ಸಿ. ನೀರು. ಆದರೆ ಅದು ಹೊಲಗದ್ದೆಗೆ ಹೋಗುವ ನೀರು. ಬೇಸಿಗೆಗೆ ಇಳಿದು ದಡವೆಲ್ಲ ಕೆಸರಾಗಿರುತ್ತದೆ. ದೂರದಿಂದ ನೋಡಿ ಸಂತೋಷಪಡೋಣ. ನಿಜವಾದ ಅಲೆಯ ಮೇಲೆ ಹಲಗೆ ಆಟ ಬೇಕೆಂದರೆ ಘಟ್ಟ ಇಳಿದು ಮಂಗಳೂರು ದಾಟಿ ಮೂಲ್ಕಿಗೆ ಹೋಗಬೇಕು. ಅಲ್ಲಿ ಮಂತ್ರ ಸರ್ಫ್ ಕ್ಲಬ್ ಅಂತ 2004ರಲ್ಲೇ ಶುರುವಾಗಿ ಹೆಸರು ಮಾಡಿದೆ. ಆದರೆ ಒಂದು ದಿನದಲ್ಲಿ ಹೋಗಿ, ಕಲಿತು, ರಾತ್ರಿ ಅಡಿಗೆಗೆ ವಾಪಸು ಬರುವ ಮಾತಲ್ಲ. ದಕ್ಷಿಣ ಕೊಡಗಿನ ಬರಪೊಳೆಯಲ್ಲಿ ರಾಫ್ಟಿಂಗ್ ಇದೆ, ಅಲ್ಲಿಯ ನೀರು ಬಲು ಜೋರು, ಮೊದಲ ಸಲದವರಿಗೆ ಬೇಡ. ಉಳಿದದ್ದು ನಮ್ಮ ದುಬಾರೆ. ಕುಶಾಲನಗರದಿಂದ ಸುಮಾರು 15 ಕಿಲೋಮೀಟರು. ಮೈಸೂರು ದಸರಾಕ್ಕೆ ಹೋಗುವ ಆನೆಗಳ ಶಿಬಿರ ಇರುವುದು ಅಲ್ಲೇ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ರಬ್ಬರ್ ದೋಣಿಯಲ್ಲಿ ಕೂರಿಸಿ ಕರೆದುಕೊಂಡು ಹೋಗುತ್ತಾರೆ. ಇಲ್ಲಿ ಎಂಜಿನ್ ಇಲ್ಲ, ಹೊಗೆ ಇಲ್ಲ. ಅಲೆಯನ್ನು ದೋಣಿ ಮಾಡುವುದಿಲ್ಲ, ಹೊಳೆಯೇ ಮಾಡುತ್ತದೆ.

ಯಾವಾಗ? ಕೊಡಗಿನ ಹೆಂಗಸರಿಗೆ ಪಂಚಾಂಗಕ್ಕಿಂತ ಕೆಲಸದ ಲೆಕ್ಕವೇ ದೊಡ್ಡದು. ಜುಲೈ, ಆಗಸ್ಟಿನಲ್ಲಿ ನಾಟಿ. ಅದೂ ಅಲ್ಲದೆ ಆಗ ಹೊಳೆ ಕೆಂಪಗೆ ಉಕ್ಕುತ್ತಿರುತ್ತದೆ, ಜಿಲ್ಲಾಡಳಿತ ನೀರಾಟವನ್ನೇ ನಿಲ್ಲಿಸುವುದೂ ಉಂಟು. ಆಗಸ್ಟ್ ಮೊದಲಲ್ಲಿ ಕಕ್ಕಡ ಹದಿನೆಂಟು, ಮದ್ದುಸೊಪ್ಪಿನ ಪಾಯಸ. ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್. ಗೌರಿ ಗಣೇಶ ಬೇರೆ. ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣ, ಅದಾದ ಮೇಲೆ ಕಾಫಿ ಕೊಯ್ಲಿಗೆ ತಯಾರಿ. ಹಾಗಾಗಿ ಸೆಪ್ಟೆಂಬರ್ ಕೊನೆಯ ವಾರ ಅಂತ ಗೊತ್ತು ಮಾಡಿದ್ದೇವೆ. ಹೊಳೆಯ ಸಿಟ್ಟು ಅಷ್ಟರಲ್ಲಿ ಇಳಿದಿರುತ್ತದೆ, ದೋಣಿಗೆ ಬೇಕಾದಷ್ಟು ನೀರೂ ಇರುತ್ತದೆ. ಹಿಂದಿನ ದಿನ ಮಡಿಕೇರಿ, ಭಾಗಮಂಡಲದ ಕಡೆ ಜೋರು ಮಳೆಯಾಗಿದ್ದರೆ ನಮ್ಮಲ್ಲಿ ಬಿಸಿಲಿದ್ದರೂ ದಿನ ಮುಂದೂಡಬೇಕು. ಮೇಲಿನ ಮಳೆ ಕೆಳಗಿನ ಹೊಳೆಗೆ ತಡವಾಗಿ ಬರುತ್ತದೆ.

ಇನ್ನು ಮನೆಯವರ ಒಪ್ಪಿಗೆ. "ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?" ಅನ್ನುವ ಮಾತು ಮೂರು ಮನೆಯಲ್ಲಿ ಬಂತು. ನಮ್ಮ ಅತ್ತೆಗೆ ಎಪ್ಪತ್ತಾರು. ಅವರು ಏನೆನ್ನುತ್ತಾರೋ ಎಂದು ನಾನು ಅಳುಕುತ್ತಲೇ ಹೇಳಿದೆ. "ನಮ್ಮ ಕಾಲದಲ್ಲಿ ಹರಿಗೋಲಿನಲ್ಲಿ ದಾಟ್ತಿದ್ದೆವು, ಜಾಕೀಟೂ ಇಲ್ಲ, ಗೀಕೀಟೂ ಇಲ್ಲ. ಹೋಗಿ ಬಾ ಮಗ, ಸಾರು ನಾನು ಮಾಡ್ತೀನಿ" ಅಂದುಬಿಟ್ಟರು. ಅತ್ತೆಯರನ್ನು ನಾವು ಸುಮ್ಮಸುಮ್ಮನೆ ಹೆದರಿಸುವವರ ಪಟ್ಟಿಗೆ ಸೇರಿಸಿರುತ್ತೇವೆ.

ಆದರೆ ಒಂದು ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ನಮ್ಮ ಗುಂಪಿನ ಒಬ್ಬರ ಮನೆ ಕುಶಾಲನಗರದ ತಗ್ಗಿನ ಬಡಾವಣೆಯಲ್ಲಿದೆ. 2018ರ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದು ಕೊಡಗಿಗೆ ಕೊಡಗೇ ನಡುಗಿದಾಗ ಅವರ ಅಡಿಗೆಮನೆಗೆ ಸೊಂಟದ ಮಟ್ಟ ನೀರು ಬಂದಿತ್ತು. ಒರೆಸಿ, ಸುಣ್ಣ ಬಳಿದು, ಉಸಿರು ಬಿಡುವಷ್ಟರಲ್ಲಿ 2019ರಲ್ಲಿ ಮತ್ತೆ ಬಂತು. "ಅಕ್ಕಾ, ಆ ಕೆಂಪು ನೀರು ಕಂಡ್ರೆ ನನಗೆ ಈಗ್ಲೂ ಅಕ್ಕಿ ಡಬ್ಬ ತೇಲಿಕೊಂಡು ಹೋದದ್ದೇ ಕಣ್ಣಿಗೆ ಬರುತ್ತೆ. ನೀವು ಹೋಗಿ, ನಾನು ಬರಲ್ಲ" ಅಂದರು. ಕೆಲವರು ತಮಾಷೆ ಮಾಡಿದರು. "ಅಯ್ಯೋ, ಹೆದರುಪುಕ್ಕಲಿ, ಒಂದು ಸಲ ಎತ್ತಿ ದೋಣಿಗೆ ಹಾಕಿದ್ರೆ ಸರಿಹೋಗ್ತೀರಿ" ಅಂತ.

ಈ ಮಾತು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ನೀರನ್ನು ಕಾಣದೆ ಹೆದರುವುದು ಬೇರೆ, ಕಂಡು ಹೆದರುವುದು ಬೇರೆ. ಮನೆಯೊಳಗೆ ಹೊಳೆ ಬಂದುಹೋದವರಿಗೆ ನಾವು ಧೈರ್ಯದ ಪಾಠ ಹೇಳುವುದೇ? ಅಂಥವರನ್ನು ನೂಕಿ, ಎಳೆದು, ಮೇಲೆ ನೀರು ಎರಚಿ ಭಯ ಬಿಡಿಸುತ್ತೇವೆ ಅನ್ನುವವರು ಗೆಳತಿಯರಲ್ಲ. ಕಡೆಗೆ ನಾವೊಂದು ನಿಯಮ ಮಾಡಿಕೊಂಡೆವು. ಬರುವುದಿಲ್ಲ ಅನ್ನುವವರು ಕಾರಣ ಹೇಳಬೇಕಾಗಿಲ್ಲ, ದಡದವರೆಗೆ ಬಂದು ಮನಸ್ಸು ಬದಲಾದರೂ ಯಾರೂ ನಗಬಾರದು. ಹೋದ ಭಾನುವಾರ ನಾನೂ ಅವರೂ ಇಬ್ಬರೇ ಬಸ್ಸಿನಲ್ಲಿ ದುಬಾರೆಗೆ ಹೋಗಿ ಒಂದು ಗಂಟೆ ಮೆಟ್ಟಿಲ ಮೇಲೆ ಕೂತು ಬಂದೆವು. ಹೊಳೆಯ ಬಗ್ಗೆ ಮಾತೇ ಆಡಲಿಲ್ಲ, ಮಗಳ ಮದುವೆಯ ವಿಷಯ ಮಾತಾಡಿದೆವು. ಏಳುವಾಗ ಅವರೇ, "ಆ ಜಾಕೀಟು ಒಂದು ಸಲ ಹಾಕ್ಕೊಂಡು ನೋಡ್ತೀನಿ, ಆಮೇಲೆ ಹೇಳ್ತೀನಿ" ಅಂದರು. ಅಷ್ಟು ಸಾಕು.

ಜಾಕೀಟಿನ ಮಾತು ಬಂತಲ್ಲ, ಇದನ್ನು ಗಮನವಿಟ್ಟು ಓದಿ. ಈಜು ಬಾರದವರೂ ಹೋಗಬಹುದು, ಆದರೆ ಜಾಕೀಟು ಸರಿಯಾಗಿ ಬಿಗಿದಿರಬೇಕು. ನಾವು ನಾಚಿಕೆಗೆ ಸಡಿಲ ಬಿಟ್ಟುಕೊಳ್ಳುತ್ತೇವೆ, ಉಸಿರು ಕಟ್ಟುತ್ತದೆ ಅನ್ನುತ್ತೇವೆ. ಸಡಿಲ ಜಾಕೀಟು ನೀರಿಗೆ ಬಿದ್ದ ಕೂಡಲೇ ಕಿವಿಯ ತನಕ ಏರಿ, ನಾವು ಕೆಳಗೆ ಜಾರುತ್ತೇವೆ. ಎಲ್ಲ ಪಟ್ಟಿ ಹಾಕಿದ ಮೇಲೆ ಪಕ್ಕದವರಿಗೆ ಹೇಳಿ ಎರಡೂ ಭುಜ ಹಿಡಿದು ಮೇಲಕ್ಕೆ ಎಳೆಸಿ. ಗಲ್ಲಕ್ಕೆ ಬಂದರೆ ಇನ್ನೂ ಬಿಗಿಯಬೇಕು. ಹೆಲ್ಮೆಟ್ಟಿಗೂ ಇದೇ ಮಾತು. ಜಡೆಯನ್ನು ತಲೆಯ ಮೇಲೆ ಗಂಟು ಹಾಕಿದರೆ ಅದು ಕೂರುವುದಿಲ್ಲ, ಕೆಳಗೆ ಹೆಣೆದು ಕಟ್ಟಿ. ಜಾಕೀಟು ಹರಿದಿದ್ದರೆ ಅಥವಾ ಪಟ್ಟಿಯ ಬಕಲ್ ಮುರಿದಿದ್ದರೆ ಬೇರೆಯದನ್ನೇ ಕೇಳಿ ತೆಗೆದುಕೊಳ್ಳಿ. ಸಂಕೋಚ ಬೇಡ. ಸೀರೆ ಅಂಗಡಿಯಲ್ಲಿ ಮೂವತ್ತು ಸೀರೆ ಬಿಡಿಸಿ ನೋಡುವ ನಮಗೆ ಇಲ್ಲೇನು ಸಂಕೋಚ?

ನೀರಿಗೆ ಬಿದ್ದರೆ ನಿಲ್ಲಲು ಹೋಗಬಾರದು. ಮೊಣಕಾಲಿನಷ್ಟೇ ನೀರಿದ್ದರೂ ಓಡುವ ಹೊಳೆಯಲ್ಲಿ ಪಾದ ಬಂಡೆಯ ಸಂದಿಗೆ ಸಿಕ್ಕಿದರೆ ಮೇಲಿನ ನೀರು ನಮ್ಮನ್ನು ಮಗುಚಿಬಿಡುತ್ತದೆ. ಅಂಗಾತ ಮಲಗಿ, ಕಾಲು ಮುಂದಕ್ಕೆ, ಬೆರಳು ನೀರಿನ ಮೇಲೆ ಕಾಣುವಂತೆ ಇಟ್ಟು, ದೋಣಿಯವರು ಹಗ್ಗ ಎಸೆಯುವ ತನಕ ತೇಲುತ್ತಿರಬೇಕು. ನಾವು ಇದನ್ನು ಸಮಾಜದ ಹಾಲಿನಲ್ಲಿ ಜಮಖಾನೆ ಹಾಸಿ ಅಭ್ಯಾಸ ಮಾಡಿದೆವು. ನೋಡಿದವರು ಯೋಗ ಕ್ಲಾಸು ಅಂದುಕೊಂಡರು. ಇನ್ನೊಂದು ವಿಷಯ ಹುಟ್ಟಿನದು. ಅದರ ಮೇಲ್ತುದಿಯ ಹಿಡಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯಬೇಕು, ಇಲ್ಲದಿದ್ದರೆ ಪಕ್ಕದವರ ಹಲ್ಲು ಉಳಿಯುವುದಿಲ್ಲ.

ದೋಣಿಯಿಂದ ಇಳಿದ ಮೇಲೆ ದಡದಲ್ಲಿ ಸುಮ್ಮನೆ ಕಾಲು ಇಳಿಬಿಟ್ಟು ಆಡುವುದೇ ದೊಡ್ಡ ಅಪಾಯ. ಆಗ ಜಾಕೀಟು ತೆಗೆದಿರುತ್ತೇವೆ, ಬಂಡೆ ಪಾಚಿ ಹಿಡಿದಿರುತ್ತದೆ, ಫೋಟೋದ ಹುಚ್ಚು ಬೇರೆ. ಜಾಕೀಟು ಬಿಚ್ಚಿದ ಮೇಲೆ ಹೊಳೆಗೆ ಬೆನ್ನು ಹಾಕಿ ಊಟದ ಬುಟ್ಟಿಯ ಕಡೆ ನಡೆಯಬೇಕು.

ಬಸುರಿಯರು, ಹೃದಯದ ಕಾಯಿಲೆ ಇರುವವರು, ಫಿಟ್ಸ್ ಬರುವವರು, ಈಚೆಗೆ ಆಪರೇಷನ್ ಆದವರು ದಡದಲ್ಲೇ ಕೂರುವುದು ಒಳ್ಳೆಯದು. ತಿಂಗಳ ದಿನ ಬಂದರೆ ಅದಕ್ಕಾಗಿ ಹಿಂದೆ ಸರಿಯಬೇಕಿಲ್ಲ, ನಿಮ್ಮ ಅನುಕೂಲ ನೀವೇ ನೋಡಿಕೊಳ್ಳಿ.

ಉಡುಪು: ಸೀರೆ ಖಂಡಿತ ಬೇಡ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಜಾಕೀಟೂ ಏನು ಮಾಡೀತು? ಬಲಮುರಿಯಲ್ಲಿ ಕಾವೇರಿಯ ರಭಸಕ್ಕೆ ಹೆಂಗಸರ ನಿರಿಗೆ ಹಿಂದಕ್ಕೆ ಸರಿಯಿತು, ಅದಕ್ಕೇ ಕೊಡಗಿನ ಸೀರೆಯ ನಿರಿಗೆ ಹಿಂದಿರುವುದು ಅಂತ ಕತೆ ಇದೆಯಲ್ಲ. ಅವಳಿಗೆ ಇನ್ನೊಮ್ಮೆ ಆ ಕೆಲಸ ಕೊಡುವುದು ಬೇಡ. ಚೂಡಿದಾರದ ಪೈಜಾಮ, ಗಿಡ್ಡನೆಯ ಅಂಗಿ ಸಾಕು, ದುಪಟ್ಟಾ ಬೇಡ. ಬಳೆ, ಓಲೆ, ಪತ್ತಾಕು ಮನೆಯಲ್ಲಿರಲಿ. ತಾಳಿ ತೆಗೆಯಲು ಮನಸ್ಸಿಲ್ಲದವರು ಅಂಗಿಯ ಒಳಗೆ ಪಿನ್ನು ಹಾಕಿಕೊಳ್ಳಿ. ಕನ್ನಡಕಕ್ಕೆ ದಾರ ಕಟ್ಟಿ. ಜಿಗಣೆಗೆ ಉಪ್ಪಿನ ಪೊಟ್ಟಣ ಇರಲಿ.

ಊಟ ನೀರಾಟ ಮುಗಿದ ಮೇಲೆ. ಬೆಳಿಗ್ಗೆ ಹಗುರವಾಗಿ ಎರಡು ಇಡ್ಲಿ ತಿಂದು ಹೊರಟರೆ ಸಾಕು. ಮಧ್ಯಾಹ್ನಕ್ಕೆ ಅಕ್ಕಿ ಒತ್ತಿ ಒಳ್ಳೆಯದು. ಎರಡು ಲೋಟ ಮೆತ್ತಗೆ ಬೇಯಿಸಿದ ಅನ್ನವನ್ನು ಬಿಸಿ ಇರುವಾಗಲೇ ಉಪ್ಪು ಹಾಕಿ ನುಣ್ಣಗೆ ನಾದಿ, ಹಿಡಿಸುವಷ್ಟು ಅಕ್ಕಿ ಹಿಟ್ಟು ಸೇರಿಸಿ, ತೆಳ್ಳಗೆ ಲಟ್ಟಿಸಿ ಕಾವಲಿಯ ಮೇಲೆ ಬೇಯಿಸಿ, ಕೆಂಡದ ಮೇಲೆ ಉಬ್ಬಿಸಿ. ಅನ್ನ ಹೆಚ್ಚಿದಷ್ಟೂ ತಣ್ಣಗಾದ ಮೇಲೂ ಮೆತ್ತಗಿರುತ್ತದೆ. ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಜೊತೆಗೆ ಹುರಿದ ಎಳ್ಳು, ಒಣಮೆಣಸು, ಹುಣಿಸೆಹುಳಿ, ಉಪ್ಪು ಸೇರಿಸಿ ಗಟ್ಟಿಯಾಗಿ ರುಬ್ಬಿದ ಪಜ್ಜಿ. ತೆಂಗಿನಕಾಯಿ ಹಾಕದಿದ್ದರೆ ಸಂಜೆಯ ತನಕ ಹಳಸುವುದಿಲ್ಲ. ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ, ನೀರಿನಿಂದ ನಡುಗುತ್ತಾ ಬಂದವರಿಗೆ ಅದೇ ಅಮೃತ.

ಒಂದು ದೋಣಿಗೆ ಆರೇಳು ಜನ. ನಾವು ಎರಡು ದೋಣಿ ಮಾಡಿ, ಈಜು ಬಲ್ಲ ಇಬ್ಬರನ್ನು ಒಂದೊಂದರಲ್ಲಿ ಹಂಚಿದ್ದೇವೆ. ನೆರೆ ಕಂಡ ನಮ್ಮ ಗೆಳತಿಗೆ ನನ್ನ ದೋಣಿಯಲ್ಲಿ, ಹಿಂದೆ ಗೈಡಿನ ಪಕ್ಕ ಒಂದು ಜಾಗ ಖಾಲಿ ಇಟ್ಟಿದ್ದೇವೆ. ಅವರು ಕೂತರೂ ಸರಿ, ಚೀಲ ಕಾಯುತ್ತಾ ಮೆಟ್ಟಿಲ ಮೇಲೆ ಕೂತರೂ ಸರಿ. ಒತ್ತಿಯ ಲೆಕ್ಕದಲ್ಲಿ ಮಾತ್ರ ಹನ್ನೊಂದು ಜನ ಅಂತಲೇ ಬರೆದಿದ್ದೇನೆ, ತಲೆಗೆ ನಾಲ್ಕು.